ಥ್ರೆಡ್ ಹೋದ ತೂತಿಗೆ ಏನು ಮದ್ದು?

ಬಾಗಿಲ ಕೀಲಿನ ತಿರುಪು ಸಡಿಲವಾದರೆ ಏನು ಮಾಡಬೇಕೆಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಎರಡು ಬೆಂಕಿಕಡ್ಡಿಗಳ ತಲೆ ಮುರಿದು, ಒಂಚೂರು ಫೆವಿಕಾಲ್ ಸವರಿ ತೂತಿಗೆ ತುರುಕಿ, ಅದೇ ತಿರುಪನ್ನು ಮತ್ತೆ ಬಿಗಿದರೆ ಬಾಗಿಲು ಇನ್ನಷ್ಟು ವರ್ಷ ನಿಲ್ಲುತ್ತದೆ. ಹಳ್ಳಿಯಲ್ಲಾದರೆ ಬೆಂಕಿಕಡ್ಡಿಯ ಬದಲು ಬಿದಿರಿನ ಸೀಳು. ಇದರಲ್ಲಿ ಮೋಸವೇನೂ ಇಲ್ಲ. ಮರ ಮರವನ್ನು ಒಪ್ಪಿಕೊಳ್ಳುತ್ತದೆ. ತಿರುಪು ಹೊಸ ನಾರನ್ನು ಕಚ್ಚಿಕೊಂಡು ತನ್ನ ದಾರಿಯನ್ನು ತಾನೇ ಕೊರೆದುಕೊಳ್ಳುತ್ತದೆ.

ತೊಂದರೆ ಶುರುವಾಗುವುದು ಇದೇ ಉಪಾಯವನ್ನು ಉಕ್ಕಿನ ಮೇಲೆ ಹೂಡಿದಾಗ.

ಕಳೆದ ವರ್ಷ ಆಗಸ್ಟಿನಲ್ಲಿ, ಕೊಡವರು ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬಕ್ಕೆ ಇನ್ನೇನು ಮೂರು ವಾರ ಇದೆ ಎನ್ನುವಾಗ, ಕೊಡಗಿನ ಸ್ನೇಹಿತರೊಬ್ಬರು ತಂದೆಯ ಕಾಲದ ರೈಫಲನ್ನು ರಿಪೇರಿಗೆಂದು ಬಂದೂಕು ಮೇಸ್ತ್ರಿಗಳೊಬ್ಬರ ಬಳಿ ಒಯ್ದರು. ನಾನೂ ಜೊತೆಗೆ ಹೋದೆ. ಅಮೆರಿಕದಲ್ಲಿ ತಯಾರಾದ .30-06 ಬೋಲ್ಟ್ ರೈಫಲ್ ಅದು. ಕಾಫಿ ತೋಟದ ಮನೆಗೆ ಬೇಟೆಗೆಂದು ಬಂದದ್ದು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು, ರೈಫಲ್ ಉಳಿಯಿತು. ಈಗ ಅದು ಪೆಟ್ಟಿಗೆಯಿಂದ ಹೊರಬರುವುದು ಹಬ್ಬದ ದಿನ ತೋಕ್ ಪೂ (ಕೋವಿ ಹೂ) ಮುಡಿದು ಪೂಜೆಗೆ ನಿಲ್ಲಲು, ಮತ್ತೆ ವರ್ಷಕ್ಕೆ ಒಂದೆರಡು ಸಲ ಗುರಿ ಅಭ್ಯಾಸಕ್ಕೆ. ಸ್ನೇಹಿತರಿಗೆ ಅರವತ್ತೈದು ದಾಟಿದೆ. ತೆರೆದ ಗುರಿಸಾಧನದಲ್ಲಿ ಹಿಂದಿನ ಕಚ್ಚು, ಮುಂದಿನ ಮೊಳೆ, ದೂರದ ಗುರಿ ಮೂರನ್ನೂ ಕಣ್ಣು ಒಟ್ಟಿಗೆ ಹಿಡಿಯಬೇಕು. ವಯಸ್ಸಾದ ಕಣ್ಣಿಗೆ ಅದು ಆಗದ ಮಾತು. ಸ್ಕೋಪ್ ಆದರೆ ಗುರಿಯ ಬಿಂಬವನ್ನೂ ಕತ್ತರಿಗೆರೆಯನ್ನೂ ಒಂದೇ ಸಮತಲಕ್ಕೆ ತಂದು ಕೊಡುತ್ತದೆ. ಹಾಗಾಗಿ ಅವರು ಕೆಲವು ವರ್ಷಗಳ ಹಿಂದೆ ಸ್ಕೋಪ್ ಹಾಕಿಸಿಕೊಂಡಿದ್ದರು. ಈಗ ಅವರ ದೂರು ಒಂದೇ: "ಗುಂಡು ಒಂದು ಕಡೆ ಬೀಳ್ತಾ ಇಲ್ಲ. ಇವತ್ತು ಸರಿ ಮಾಡಿದ್ರೆ ನಾಳೆ ಇನ್ನೆಲ್ಲೋ ಹೋಗ್ತದೆ."

ಮೇಸ್ತ್ರಿಗಳು ಮೊದಲು ಬೋಲ್ಟ್ ತೆಗೆದು, ಬೆಳಕಿಗೆ ಹಿಡಿದು ನಳಿಗೆಯಲ್ಲಿ ಏನೂ ಇಲ್ಲವೆಂದು ಕಣ್ಣಾರೆ ನೋಡಿದರು. ಆಮೇಲೆ ಸ್ಕೋಪ್ ಬಿಚ್ಚಿ, ಅದರ ಅಡಿಯ ಬೇಸಿನ ನಾಲ್ಕು ಸ್ಕ್ರೂಗಳಿಗೆ ಕೈ ಹಾಕಿದರು. ಮೂರು ಸ್ಕ್ರೂ ಬಿಗಿಯಾಗಿದ್ದು ಟಕ್ಕೆಂದು ಬಿಟ್ಟವು. ನಾಲ್ಕನೆಯದು ಸುಮ್ಮನೆ ತಿರುಗುತ್ತಲೇ ಇತ್ತು, ಮೇಲೆ ಬರಲಿಲ್ಲ. ಆಯಸ್ಕಾಂತದ ಕಡ್ಡಿಯಿಂದ ಎತ್ತಿದಾಗ ಅದರ ಮೈಗೆ ಸುತ್ತಿಕೊಂಡಿದ್ದ ಬಿಳಿ ಪಟ್ಟಿಯೂ ಜೊತೆಗೆ ಬಂತು. ನಲ್ಲಿಗೆ ಸುತ್ತುವ ಪ್ಲಂಬರ್ ಟೇಪು!

"ಇದನ್ನ ಯಾರೋ ರಿಪೇರಿ ಮಾಡಿದ್ದಾರೆ ಸಾರ್," ಎಂದರು ಮೇಸ್ತ್ರಿಗಳು, ಟೇಪನ್ನು ಬಿಡಿಸಿ ಮೇಜಿನ ಮೇಲಿಡುತ್ತ. ಹೊರಗಿನಿಂದ ನೋಡಿದರೆ ನಾಲ್ಕೂ ಸ್ಕ್ರೂಗಳು ಒಂದೇ ಸಮನೆ ಕೂತಿದ್ದವು. ಒಂದು ಮಾತ್ರ ಕೆಲಸ ಮಾಡುತ್ತಿರಲಿಲ್ಲ.

ಒಂದು ಸ್ಕ್ರೂ ಸಡಿಲವಾದರೆ ಅಷ್ಟೊಂದು ಫರಕು ಬೀಳುತ್ತದೆಯೇ? ಲೆಕ್ಕ ಸುಲಭ. ಬೇಸಿನ ಮುಂದಿನ ಮತ್ತು ಹಿಂದಿನ ಹಿಡಿತಗಳ ನಡುವೆ 100 ಮಿಲಿಮೀಟರ್ ಅಂತರ ಇದೆ ಎಂದುಕೊಳ್ಳಿ. ಒಂದು ತುದಿ ಮಿಲಿಮೀಟರಿನ ಹತ್ತನೇ ಒಂದು ಭಾಗ, ಅಂದರೆ ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ, ಸರಿದರೂ ಸಾವಿರಕ್ಕೆ ಒಂದರಷ್ಟು ಓರೆಯಾಯಿತು. ನೂರು ಮೀಟರ್ ದೂರದಲ್ಲಿ ಅದು 10 ಸೆಂಟಿಮೀಟರ್ ಆಗುತ್ತದೆ. ಸ್ಕೋಪಿನ ಗುಂಡಿಯನ್ನು ಒಂದು ಕ್ಲಿಕ್ ತಿರುಗಿಸಿದರೆ ಅದೇ ದೂರದಲ್ಲಿ ಗುರಿ ಬದಲಾಗುವುದು ಸಾಮಾನ್ಯವಾಗಿ ಸುಮಾರು 7 ಮಿಲಿಮೀಟರ್ ಮಾತ್ರ. ಅಷ್ಟು ಸೂಕ್ಷ್ಮವಾದ ಯಂತ್ರವನ್ನು ಕೂದಲಿನಷ್ಟು ಅಲುಗಾಡುವ ಪೀಠದ ಮೇಲೆ ಕೂರಿಸಿ, ಗುಂಡಿ ತಿರುಗಿಸುತ್ತ ಕೂತರೆ ಗುರಿ ಯಾವತ್ತೂ ಕೈಗೆ ಸಿಗುವುದಿಲ್ಲ.

ಇಲ್ಲಿ ಸ್ಕ್ರೂ ಮಾಡುವ ಕೆಲಸವೇನು ಎಂಬುದನ್ನು ತಿಳಿದುಕೊಳ್ಳಬೇಕು. ಸ್ಕ್ರೂ ಎಂದರೆ ಗೂಟ, ಅದು ಅಡ್ಡ ನಿಂತು ಬೇಸನ್ನು ತಡೆಯುತ್ತದೆ ಎಂದು ನಾವು ತಿಳಿದಿರುತ್ತೇವೆ. ನಿಜದಲ್ಲಿ ಅದು ಒಂದು ಗಟ್ಟಿ ಸ್ಪ್ರಿಂಗ್. ಬಿಗಿದಾಗ ಅದರ ಮೈ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಕುಗ್ಗಲು ಹವಣಿಸುತ್ತ ಬೇಸನ್ನು ರಿಸೀವರಿಗೆ, ಅಂದರೆ ಬೋಲ್ಟ್ ಕೂರುವ, ನಳಿಗೆ ಬಂದು ಸೇರುವ ಉಕ್ಕಿನ ಒಡಲಿಗೆ, ಒತ್ತಿ ಹಿಡಿಯುತ್ತದೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಬೇಸನ್ನು ಜಾರದಂತೆ ತಡೆಯುವುದು.

ಅಮೆರಿಕದ ಬಂದೂಕು ಕೆಲಸದಲ್ಲಿ ಬೇಸಿನ ಸ್ಕ್ರೂಗಳಿಗೆ ಬಹುಕಾಲದಿಂದ ಇರುವ ಅಳತೆ 6-48. ಮೊದಲ ಅಂಕಿ ದಪ್ಪದ ನಂಬರು: ಸುಮಾರು 3.5 ಮಿಲಿಮೀಟರ್. ಎರಡನೆಯದು ಒಂದು ಅಂಗುಲಕ್ಕೆ ಎಷ್ಟು ಸುತ್ತು ಎಂಬುದು: 48. ಅಂದರೆ ಒಂದು ಹಲ್ಲಿನಿಂದ ಇನ್ನೊಂದಕ್ಕೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಹಲ್ಲಿನ ಎತ್ತರ ಮಿಲಿಮೀಟರಿನ ಮೂರನೇ ಒಂದು ಪಾಲು. ಇಷ್ಟು ಸಣ್ಣ ಹಲ್ಲು ಏಕೆಂದರೆ ರಿಸೀವರಿನ ಗೋಡೆ ತೆಳು. ನಾಲ್ಕು ಮಿಲಿಮೀಟರ್ ಆಳದ ತೂತಿನಲ್ಲಿ ಒರಟು ಥ್ರೆಡ್ ಹಾಕಿದರೆ ಹಿಡಿಯಲು ಸುಮಾರು ಐದು ಸುತ್ತು ಮಾತ್ರ ಸಿಗುತ್ತವೆ. 48ರ ಥ್ರೆಡ್ಡಿನಲ್ಲಿ ಏಳು ಸಿಗುತ್ತವೆ.

ಈ ಸ್ಕ್ರೂವನ್ನು ಬಿಗಿಯಬೇಕಾದ ಬಲ ಸುಮಾರು 22 ಇಂಚ್-ಪೌಂಡ್. ನಮ್ಮ ಅಳತೆಯಲ್ಲಿ ಹೇಳುವುದಾದರೆ, ಹತ್ತು ಸೆಂಟಿಮೀಟರ್ ಉದ್ದದ ಹಿಡಿಯ ತುದಿಗೆ ಎರಡೂವರೆ ಕಿಲೋ ಅಕ್ಕಿಯ ಚೀಲ ತೂಗುಹಾಕಿದಷ್ಟು. ಅಷ್ಟು ಸಣ್ಣ ಬಲಕ್ಕೇ ಒಂದೊಂದು ಸ್ಕ್ರೂ ಒರಟು ಲೆಕ್ಕದಲ್ಲಿ 350 ಕಿಲೋ ಭಾರದಷ್ಟು ಒತ್ತುತ್ತದೆ. ನಾಲ್ಕೂ ಸೇರಿದರೆ 1,400 ಕಿಲೋ. ಅದರ ಘರ್ಷಣೆಯ ಹಿಡಿತ 200 ಕಿಲೋ ಆಸುಪಾಸು. ಇತ್ತ .30-06 ಗುಂಡು ಹಾರಿದ ಕ್ಷಣ ರೈಫಲ್ ಹಿಂದಕ್ಕೆ ಒದೆಯುತ್ತದೆ, ಅರ್ಧ ಕಿಲೋದ ಸ್ಕೋಪ್ ಇದ್ದಲ್ಲೇ ಉಳಿಯಲು ನೋಡುತ್ತದೆ. ಆ ಒಂದು ಮಿಲಿಸೆಕೆಂಡಿನಲ್ಲಿ ಬೇಸಿನ ಮೇಲೆ ಬೀಳುವ ಎಳೆತ ಸರಾಸರಿ 100 ಕಿಲೋ ಹತ್ತಿರ, ತುತ್ತತುದಿಯಲ್ಲಿ ಇನ್ನೂ ಹೆಚ್ಚು. ಹಿಡಿತಕ್ಕೂ ಎಳೆತಕ್ಕೂ ನಡುವೆ ಇರುವ ಅಂತರ ಇಷ್ಟೇ. ಒಂದು ಸ್ಕ್ರೂ ಸುಳ್ಳು ಹೇಳಿದರೆ ಉಳಿದ ಮೂರರ ಮೇಲೆ ಆ ಹೊರೆ ಬೀಳುತ್ತದೆ. ಪ್ರತಿ ಗುಂಡಿಗೂ ಬೇಸ್ ಕೂದಲಿನಷ್ಟು ಸರಿಯುತ್ತ ಹೋಗುತ್ತದೆ.

ಹಾಗಾದರೆ ಥ್ರೆಡ್ ಹೋದದ್ದು ಹೇಗೆ? ಮೇಸ್ತ್ರಿಗಳು ನಾಲ್ಕೂ ಸ್ಕ್ರೂಗಳನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟರು. ಎರಡು ಚಿಕ್ಕವು, ಎರಡು ತುಸು ಉದ್ದ. ರಿಸೀವರಿನ ಮುಂದಿನ ಉಂಗುರ ಮತ್ತು ಹಿಂದಿನ ಸೇತುವೆಯ ಗೋಡೆ ಒಂದೇ ದಪ್ಪ ಇರುವುದಿಲ್ಲ, ಆದ್ದರಿಂದ ಬೇಸಿನ ಜೊತೆ ಬರುವ ಸ್ಕ್ರೂಗಳೂ ಒಂದೇ ಉದ್ದ ಇರುವುದಿಲ್ಲ. ಹಿಂದಿನ ತೂತಿಗೆ ಹೋಗಬೇಕಿದ್ದ ಉದ್ದ ಸ್ಕ್ರೂವನ್ನು ಯಾರೋ ಮುಂದಿನ ಕುರುಡು ತೂತಿಗೆ, ಅಂದರೆ ಆಚೆ ಬದಿಗೆ ತೆರೆಯದ ತೂತಿಗೆ, ಹಾಕಿದ್ದರು. ಅದರ ತುದಿ ತಳ ಮುಟ್ಟಿ ನಿಂತಿತು. ಕೈಗೆ ಬಿಗಿ ಎನ್ನಿಸಿತು. ಆದರೆ ತಲೆ ಬೇಸನ್ನು ಒತ್ತಿರಲೇ ಇಲ್ಲ. ಬೇಸ್ ಅಲುಗಾಡುವುದನ್ನು ಕಂಡು ಇನ್ನೊಂದು ಸುತ್ತು, ಇನ್ನೂ ಒಂದು. ಕೆಳಗೆ ಹೋಗಲು ಜಾಗವಿಲ್ಲದ ಸ್ಕ್ರೂ ಮೇಲಿನ ಹಲ್ಲುಗಳನ್ನೇ ಕಿತ್ತುಕೊಂಡಿತು. ಅದರ ಮೈಯ ತೋಡಿನಲ್ಲಿ ಸಣ್ಣ ಉಕ್ಕಿನ ಸುರುಳಿ ಇನ್ನೂ ಸಿಕ್ಕಿಕೊಂಡಿತ್ತು. ಸೂಜಿಯ ತುದಿಯಿಂದ ಬಿಡಿಸಿ ನನ್ನ ಅಂಗೈಗೆ ಹಾಕಿದರು. ಕೂದಲೆಳೆಯಷ್ಟು ತೆಳ್ಳಗಿನ ಸ್ಪ್ರಿಂಗಿನಂತಿತ್ತು. ಒಂದು ಕಾಲದಲ್ಲಿ ಅದು ತೂತಿನ ಥ್ರೆಡ್ ಆಗಿತ್ತು.

ಥ್ರೆಡ್ ಹೋಗುವುದಕ್ಕೆ ಬೇರೆ ದಾರಿಗಳೂ ಇವೆ. 6-48ರ ತೂತಿಗೆ ನಮ್ಮಲ್ಲಿ ಸಲೀಸಾಗಿ ಸಿಗುವ ಮೂರೂವರೆ ಮಿಲಿಮೀಟರಿನ ಮೆಟ್ರಿಕ್ ಸ್ಕ್ರೂ ಹಾಕುವುದು ಒಂದು. ದಪ್ಪ ಒಂದೇ, ಹಲ್ಲಿನ ಅಂತರ ಬೇರೆ. ಮೊದಲ ಒಂದೆರಡು ಸುತ್ತು ನಯವಾಗಿ ಹೋಗಿ, ಆಮೇಲೆ ಹಠ ಹಿಡಿಯುತ್ತದೆ. ಹಠ ಹಿಡಿದಾಗ ನಿಲ್ಲಿಸಿದವರು ಉಳಿದರು, ಒತ್ತಿದವರು ಕೆಡಿಸಿದರು. ಇನ್ನೊಂದು, ಸ್ಕ್ರೂಗೆ ಎಣ್ಣೆ ಹಚ್ಚಿ ಬಿಗಿಯುವುದು. ಎಣ್ಣೆ ಇದ್ದರೆ ತಿರುಗಿಸುವ ಬಲ ಘರ್ಷಣೆಯಲ್ಲಿ ಕಳೆದುಹೋಗದೆ ಎಳೆತಕ್ಕೇ ಹೋಗುತ್ತದೆ. ಕೈಗೆ ಅಷ್ಟೇ ಬಿಗಿ ಎನಿಸಿದರೂ ಥ್ರೆಡ್ಡಿನ ಮೇಲೆ ಹೊರೆ ಹೆಚ್ಚು. ಮೂರನೆಯದು ಉದ್ದ ಹಿಡಿಯ ಆಲನ್ ಕೀ. ಟ್ರ್ಯಾಕ್ಟರ್ ನಟ್ಟಿಗೆ ಪಳಗಿದ ಕೈ ಈ ಚಿಕ್ಕ ಸ್ಕ್ರೂವಿನ ಮೇಲೆ ಬಂದರೆ ಉಳಿಗಾಲವಿಲ್ಲ.

ಇನ್ನು ಮದ್ದಿನ ಮಾತು. ಇದರ ಮೊದಲ ನಿಯಮ: ಚಿಕ್ಕ ಮದ್ದಿನಿಂದ ಶುರು ಮಾಡಿ, ಸಾಕಾದಲ್ಲಿ ನಿಲ್ಲಿಸಬೇಕು. ತೂತಿನಿಂದ ತೆಗೆದ ಲೋಹವನ್ನು ಯಾರೂ ವಾಪಸ್ ತಂದು ಕೊಡಲಾರರು.

ಮೊದಲು ನೋಡಬೇಕಾದದ್ದು, ಕೆಟ್ಟದ್ದು ಸ್ಕ್ರೂವೋ ತೂತೋ ಎಂದು. ಸ್ಕ್ರೂವಿನ ಹಲ್ಲು ಮಾತ್ರ ಸವೆದಿದ್ದರೆ ಹೊಸ ಸ್ಕ್ರೂ ಹಾಕಿದರೆ ಮುಗಿಯಿತು. ತೂತಿನ ಮೇಲಿನ ಹಲ್ಲುಗಳು ಹೋಗಿ ತಳದವು ಗಟ್ಟಿ ಇದ್ದರೆ, ತೂತಿನ ಆಳ ಅಳೆದು, ತಳ ಮುಟ್ಟುವ ಮುಂಚೆ ನಿಲ್ಲುವಂತೆ, ಆದರೆ ಆ ಕೊನೆಯ ಹಲ್ಲುಗಳನ್ನೂ ಹಿಡಿಯುವಂತೆ ಸರಿಯಾದ ಉದ್ದದ ಸ್ಕ್ರೂ ಹಾಕಿ ನೋಡಬೇಕು. ಹಲ್ಲು ಹೋಗಿಲ್ಲ, ಕೊಳೆ ಮತ್ತು ಹಳೆಯ ಅಂಟು ತುಂಬಿದೆ ಎಂದಾದರೆ ಅದೇ ಅಳತೆಯ ಟ್ಯಾಪನ್ನು, ಅಂದರೆ ಥ್ರೆಡ್ ಕೊಯ್ಯುವ ಸಾಧನವನ್ನು, ಬೆರಳಿನಿಂದ ತಿರುಗಿಸಿ ಶುಚಿ ಮಾಡಬೇಕು.

ಇವು ಯಾವುದೂ ಆಗದಿದ್ದಾಗ ಮುಂದಿನ ಅಳತೆಗೆ ಹೋಗಬೇಕು. ಬಂದೂಕು ಕೆಲಸದಲ್ಲಿ ಆ ಅಳತೆ 8-40. ಇದರ ಸೊಗಸು ನನಗೆ ಗೊತ್ತಾದದ್ದು ಮೇಸ್ತ್ರಿಗಳು ಕ್ಯಾಲಿಪರಿನಲ್ಲಿ ಡ್ರಿಲ್ ಬಿಟ್ ಹಿಡಿದು ತೋರಿಸಿದಾಗ. 8-40ರ ಥ್ರೆಡ್ ಕೊಯ್ಯಲು ಮೊದಲು ಹಾಕುವ ತೂತಿನ ಅಗಲ 3.57 ಮಿಲಿಮೀಟರ್. ಹಳೆಯ 6-48ರ ಹಲ್ಲುಗಳ ತುತ್ತತುದಿಯ ಅಗಲ 3.5. ಅಂದರೆ ಹೊಸ ಬಿಟ್ ಹಳೆಯ ಹಲ್ಲುಗಳ ಕುರುಹನ್ನೆಲ್ಲ ಅಳಿಸಿಹಾಕುತ್ತದೆ, ಅದರಾಚೆ ಒಂದು ಎಳೆಯಷ್ಟನ್ನೂ ಮುಟ್ಟುವುದಿಲ್ಲ. ಹೊಸ ಹಲ್ಲು ಮೂಡುವುದು ಹಿಂದೆಂದೂ ಹೊರೆ ಹೊರದ ಉಕ್ಕಿನಲ್ಲಿ. ಕೆಟ್ಟ ಹಲ್ಲಿನ ಜಾಗಕ್ಕೆ ಪೂರ್ತಿ ಹೊಸ ಹಲ್ಲು ಬರಲು ಇದಕ್ಕಿಂತ ಕಡಿಮೆ ಲೋಹ ತೆಗೆಯುವುದು ಕಷ್ಟ.

ಅವರು ರಿಸೀವರನ್ನು ಡ್ರಿಲ್ ಯಂತ್ರದ ಮೇಜಿನ ಮೇಲೆ ಕೂರಿಸಿ, ಪಕ್ಕದ ಕೆಡದ ತೂತುಗಳನ್ನು ಆಧಾರವಾಗಿಟ್ಟು ಸಾಲು ಹಿಡಿಯಲು ಮುಕ್ಕಾಲು ಗಂಟೆ ತೆಗೆದುಕೊಂಡರು. ಬಿಟ್ಟಿನ ಆಳಕ್ಕೆ ತಡೆ ಹಾಕಿದರು. ಕೊರೆದದ್ದು ಅರ್ಧ ನಿಮಿಷವೂ ಇಲ್ಲ. ಆಮೇಲೆ ಟ್ಯಾಪ್. ಒಂದನೇ ಟ್ಯಾಪ್, ಎರಡನೇ ಟ್ಯಾಪ್, ಕೊನೆಗೆ ತಳದವರೆಗೂ ಹಲ್ಲು ಕೊಯ್ಯುವ ಮೂರನೆಯದು. ಒಂದು ಹನಿ ಕಟಿಂಗ್ ಆಯಿಲ್. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗ ಕೊಯ್ದ ಚೂರು ತುಂಡಾಗುವ ಸಣ್ಣ ಸದ್ದು. ಅವರು ತೂತನ್ನು ನೋಡುತ್ತಿರಲಿಲ್ಲ. ತಲೆ ಓರೆ ಮಾಡಿ ಆ ಸದ್ದು ಕೇಳುತ್ತ, ಎರಡು ಬೆರಳಲ್ಲಿ ಟ್ಯಾಪಿನ ಹಿಡಿ ಹಿಡಿದಿದ್ದರು. "ಇಲ್ಲಿ ಕೈ ಜೋರು ಮಾಡಿದ್ರೆ ಟ್ಯಾಪ್ ಒಳಗೇ ಮುರೀತದೆ ಸಾರ್. ಟ್ಯಾಪ್ ರಿಸೀವರಿಗಿಂತ ಗಟ್ಟಿ. ಆಮೇಲೆ ಅದನ್ನ ಡ್ರಿಲ್ ಮಾಡಿ ತೆಗೆಯಕ್ಕೂ ಆಗಲ್ಲ." ಹಾಗೆ ಮುರಿದ ಟ್ಯಾಪನ್ನು ಹೊರತೆಗೆಯಲು ವಿದ್ಯುತ್ ಕಿಡಿಯಿಂದ ಲೋಹ ಕರಗಿಸುವ ಸ್ಪಾರ್ಕ್ ಎರೋಷನ್ ಯಂತ್ರವೇ ಬೇಕಾಗುತ್ತದೆ. ಐದು ನಿಮಿಷದ ಆತುರಕ್ಕೆ ದೊಡ್ಡ ಊರಿನ ಕಾರ್ಖಾನೆಗೆ ಓಡಾಟ.

ಎಷ್ಟೋ ಕಡೆ ಹೇಳುವ ಇನ್ನೊಂದು ಮದ್ದು ಹೆಲಿಕಾಯಿಲ್. ದೊಡ್ಡ ತೂತು ಕೊರೆದು, ವಿಶೇಷ ಟ್ಯಾಪಿನಿಂದ ಥ್ರೆಡ್ ಹಾಕಿ, ಅದರೊಳಗೆ ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿ ಕೂರಿಸಿದರೆ, ಸುರುಳಿಯ ಒಳಮೈಯೇ ಹಳೆಯ ಅಳತೆಯ ಥ್ರೆಡ್ ಆಗುತ್ತದೆ. ಬೈಕಿನ ಅಲ್ಯೂಮಿನಿಯಂ ಎಂಜಿನ್ನಿಗೆ ಇದು ವರದಾನ. ಸ್ಕೋಪಿನ ಅಲ್ಯೂಮಿನಿಯಂ ಬೇಸು, ರಿಂಗುಗಳಿಗೂ ಜಾಗವಿದ್ದಲ್ಲಿ ಒಪ್ಪುತ್ತದೆ. ಮೆತ್ತನೆಯ ಲೋಹದಲ್ಲಿ ಉಕ್ಕಿನ ಹಲ್ಲು ಸಿಕ್ಕಂತಾಗುತ್ತದೆ. ನಾಲ್ಕು ಮಿಲಿಮೀಟರ್ ದಪ್ಪದ ರಿಸೀವರಿನ ಗೋಡೆಗೆ ಮಾತ್ರ ಅದು ಹೆಚ್ಚು ಲೋಹ ತಿನ್ನುವ ಮದ್ದು.

ಮಾಡಲೇಬಾರದವೂ ಕೆಲವು ಇವೆ. ತೂತಿಗೆ ವೆಲ್ಡಿಂಗ್ ತುಂಬಿಸಿ ಹೊಸದಾಗಿ ಕೊರೆಯುವುದು ಗೇಟಿಗೆ ಸರಿ. ರಿಸೀವರಿನ ಉಕ್ಕು ಹದವಾಗಿ ಕಾಯಿಸಿ ತಣಿಸಿದ್ದು. ವೆಲ್ಡಿಂಗಿನ ಬಿಸಿ ಆ ಹದವನ್ನೇ ಕೆಡಿಸುತ್ತದೆ. ಮುಂದಿನ ಉಂಗುರದ ಒಳಗೇ ಬೋಲ್ಟಿನ ಬೀಗದ ಕಿವಿಗಳು ಕೂರುವುದು, ನಳಿಗೆ ಬಂದು ಸೇರುವುದು. ಗುಂಡು ಹಾರುವಾಗ .30-06ರ ತೋಟಾ ಕೂರುವ ಜಾಗದ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ನಾಲ್ಕು ಸಾವಿರ ಪಟ್ಟಿನವರೆಗೆ ಏರುತ್ತದೆ. ಅಷ್ಟು ಒತ್ತಡ ಕೆನ್ನೆಯಿಂದ ಒಂದು ಗೇಣು ದೂರದಲ್ಲಿರುತ್ತದೆ. ಹಾಗೆಯೇ ತೂತಿನ ಆಳ ಮೀರಿ ಕೊರೆದು ನಳಿಗೆಯನ್ನು ಮುಟ್ಟುವುದೂ ಪ್ರಾಣದ ಜೊತೆ ಆಟ. ಥ್ರೆಡ್ ಇಲ್ಲದ ತೂತಿಗೆ ಅಂಟು ತುಂಬಿ ಸ್ಕ್ರೂ ನಿಲ್ಲಿಸುವುದು, ಟೇಪು ಸುತ್ತುವುದು, ಇವು ಸ್ಕ್ರೂ ಇದೆ ಎಂದು ತೋರಿಸುತ್ತವೆ, ಅಷ್ಟೇ.

ಕಾನೂನಿನ ಮಾತನ್ನೂ ಸ್ಪಷ್ಟವಾಗಿ ಹೇಳಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕಿನ ತಯಾರಿಕೆ, ಮಾರಾಟದಂತೆಯೇ ರಿಪೇರಿಗೂ ಪರವಾನಗಿ ಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿ ಹಿಡಿದಿದೆ. ಕೋವಿ ಇಟ್ಟುಕೊಳ್ಳಲು ಸಿಕ್ಕ ಆ ವಿನಾಯಿತಿಯನ್ನು ಮನೆಯ ಷೆಡ್ಡಿನಲ್ಲಿ ರಿಸೀವರ್ ಕೊರೆಯಲು ಸಿಕ್ಕ ಅಪ್ಪಣೆ ಎಂದು ಯಾರೂ ತಿಳಿಯಬಾರದು. ಸ್ಕ್ರೂ ಬಿಚ್ಚಿ ನೋಡುವುದು, ಉದ್ದ ಅಳೆಯುವುದು, ಶುಚಿ ಮಾಡುವುದು ಮಾಲೀಕರ ಕೆಲಸ. ಡ್ರಿಲ್ ಬಿಟ್ ಉಕ್ಕಿಗೆ ತಾಗುವ ಹೊತ್ತಿಗೆ ಅದು ಪರವಾನಗಿ ಇರುವ ಕಸುಬುದಾರರ ಕೈಯಲ್ಲಿರಬೇಕು.

ಮತ್ತೆ ಜೋಡಿಸುವ ಕೆಲಸಕ್ಕೂ ಕ್ರಮವಿದೆ. ಬೇಸಿನ ಆ ಒಂದು ತೂತನ್ನೂ ಹೊಸ ಸ್ಕ್ರೂವಿಗೆ ತಕ್ಕಂತೆ ಹಿಗ್ಗಿಸಿ, ತೂತು ಮತ್ತು ಸ್ಕ್ರೂಗಳ ಜಿಡ್ಡನ್ನೆಲ್ಲ ಸ್ಪಿರಿಟ್ಟಿನಿಂದ ತೆಗೆದರು. ಬೇಸ್ ಇಲ್ಲದೆ ಒಂದೊಂದೇ ಸ್ಕ್ರೂವನ್ನು ಬೆರಳಿನಿಂದ ತಿರುಗಿಸಿ, ಎಷ್ಟು ಸುತ್ತಿಗೆ ತಳ ಸಿಗುತ್ತದೆ ಎಂದು ಎಣಿಸಿದರು. ಆಮೇಲೆ ಬೇಸ್ ಇಟ್ಟು ಮತ್ತೆ ಎಣಿಸಿದರು. ತಳ ಸಿಗುವ ಮುಂಚೆಯೇ ತಲೆ ಕೂತರೆ ಸರಿ. ನಮ್ಮ ಟೇಪಿನ ವೈದ್ಯರು ಈ ಎರಡು ಎಣಿಕೆ ಮಾಡಿದ್ದರೆ ತೂತು ಕೆಡುತ್ತಲೇ ಇರಲಿಲ್ಲ. ಕೊನೆಗೆ ಒಂದೊಂದು ಸ್ಕ್ರೂವಿಗೆ ಒಂದು ಹನಿ ನೀಲಿ ಲಾಕ್‌ಟೈಟ್. ಅಮೆರಿಕದ ಹಾರ್ಟ್‌ಫರ್ಡಿನ ಟ್ರಿನಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ವರ್ನನ್ ಕ್ರೀಬಲ್ 1953ರಲ್ಲಿ ರೂಪಿಸಿದ ದ್ರವ ಇದು. ಗಾಳಿ ತಾಗುತ್ತಿರುವವರೆಗೆ ದ್ರವವಾಗಿಯೇ ಇರುತ್ತದೆ. ಗಾಳಿ ಇಲ್ಲದ ಲೋಹದ ಸಂದಿಯಲ್ಲಿ ಗಟ್ಟಿಯಾಗುತ್ತದೆ. ಅದರ ಕೆಲಸ ಅದುರಿಕೆಗೆ ಸ್ಕ್ರೂ ತಿರುಗದಂತೆ ತಡೆಯುವುದು. ಇಲ್ಲದ ಥ್ರೆಡ್ಡನ್ನು ಅದು ಹುಟ್ಟಿಸುವುದಿಲ್ಲ. ಕೆಂಪು ಬಣ್ಣದ್ದನ್ನು ಇಲ್ಲಿ ಬಳಸಬಾರದು. ಬಿಚ್ಚಬೇಕಾದಾಗ ಚೆನ್ನಾಗಿ ಕಾಯಿಸಬೇಕಾಗುತ್ತದೆ, ಇಲ್ಲವಾದರೆ ಸ್ಕ್ರೂವಿನ ತಲೆಯೇ ಹೋಗುತ್ತದೆ. ಬಿಗಿಯಲು ಅವರು ಬಳಸಿದ್ದು ಅಳತೆ ತೋರಿಸುವ ಟಾರ್ಕ್ ಸ್ಕ್ರೂಡ್ರೈವರ್. ನಲವತ್ತು ವರ್ಷದ ಕೈ ನಿಮ್ಮದು, ಇದು ಯಾಕೆ ಎಂದು ಕೇಳಿದೆ. "ಕೈ ಬೆಳಿಗ್ಗೆ ಒಂಥರ, ಸಂಜೆ ಒಂಥರ ಇರ್ತದೆ ಸಾರ್," ಎಂದರು.

ನಾಲ್ಕೂ ತೂತುಗಳನ್ನು 8-40 ಮಾಡಿಬಿಡಿ, ಒಂದೇ ಸಮ ಇರಲಿ ಎಂದು ಸ್ನೇಹಿತರು ಮೊದಲೇ ಹೇಳಿದ್ದರು. ಮೇಸ್ತ್ರಿಗಳು ಒಪ್ಪಿರಲಿಲ್ಲ. ಮೂರು ತೂತುಗಳು ಚೆನ್ನಾಗಿವೆ, ಚೆನ್ನಾಗಿರುವುದನ್ನು ಮುಟ್ಟಬಾರದು ಎಂದಿದ್ದರು. ಮುಂದೆಂದಾದರೂ ಅವು ಕೆಟ್ಟರೆ ಅವಕ್ಕಿನ್ನೂ ಈ ದಾರಿ ತೆರೆದಿದೆ. ಈ ನಾಲ್ಕನೆಯ ತೂತಿಗೆ ಮಾತ್ರ ಇನ್ನು ಹೋಗಲು ಹೆಚ್ಚು ಜಾಗ ಉಳಿದಿಲ್ಲ.

ಹಣ ತೆಗೆದುಕೊಳ್ಳುವ ಮೊದಲು ಅವರು ಇನ್ನೊಂದು ಕೆಲಸ ಮಾಡಿದರು. ಒಂದು ಚೀಟಿಯ ಮೇಲೆ ಬೇಸಿನ ಚಿತ್ರ ಬರೆದು, ನಾಲ್ಕು ಸೊನ್ನೆ ಹಾಕಿ, ಪ್ರತಿಯೊಂದರ ಪಕ್ಕ ಸ್ಕ್ರೂವಿನ ಅಳತೆ, ಉದ್ದ, ಬಿಗಿಯಬೇಕಾದ ಬಲ ಬರೆದರು. ಮುಂದಿನ ಉಂಗುರದ ಎರಡನೇ ಸೊನ್ನೆಯನ್ನು ಕೆಂಪು ಪೆನ್ನಿನಲ್ಲಿ ಸುತ್ತಿ, "ಇದು ಮಾತ್ರ 8-40. ರಿಪೇರಿ ಆಗಿದೆ" ಎಂದು ಬರೆದು ತಾರೀಖು ಹಾಕಿದರು. ಚೀಟಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ರೈಫಲಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದರು.

ಹಿಂದಿನವರು ಟೇಪು ಸುತ್ತಿ ಮುಚ್ಚಿಟ್ಟದ್ದಕ್ಕೆ ಸ್ನೇಹಿತರ ಒಂದು ವರ್ಷದ ಗುಂಡು, ಹಣ, ನೆಮ್ಮದಿ ಹೋಗಿತ್ತು. ಇನ್ನು ಇಪ್ಪತ್ತು ವರ್ಷಕ್ಕೆ ಅವರ ಮೊಮ್ಮಗಳು ಈ ಬೇಸನ್ನು ಬಿಚ್ಚಿಸಿದರೆ, ಯಾವ ತೂತಿಗೆ ಏನಾಗಿದೆ ಎಂದು ಆಗಿನ ಕೆಲಸಗಾರ ಊಹಿಸಬೇಕಾಗಿಲ್ಲ. ಮುಚ್ಚಳ ತೆರೆದು ಓದಿಕೊಂಡರೆ ಸಾಕು.